ತೋಡಿನ ಬಿಳಿ ಹೂವೂ ಭಾವನ ಫಾರ್ವರ್ಡೂ

ಭಾವ: (ಫಾರ್ವರ್ಡ್) ಕಾಸರಗೋಡಿನ ಹೊಳೆಯಲ್ಲಿ ಮಾತ್ರ ಸಿಗುವ ಬಿಳಿ ಹೂವು. ಇದರ ಗೆಡ್ಡೆಯ ಕಷಾಯ ಕುಡಿದರೆ ಮರೆವಿನ ಕಾಯಿಲೆ ಮಾಯ! ಡಾಕ್ಟರುಗಳು ಹೇಳದ ಸತ್ಯ. ಎಲ್ಲರಿಗೂ ಕಳಿಸಿ.
ದೊಡ್ಡಪ್ಪನಿಗೆ ಮಾಡಿ ಕೊಡಬಹುದಲ್ವಾ?

ಅತ್ತೆ: ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಈಗಿನವರಿಗೆ ಎಲ್ಲದಕ್ಕೂ ಮಾತ್ರೆ ಬೇಕು. ಹಗಲು ಒಂಬತ್ತಕ್ಕೆ ಎದ್ದರೆ ನೆನಪು ಎಲ್ಲಿಂದ ಉಳಿಯುತ್ತದೆ?

ತಮ್ಮ: ಯಾರು ಬರೆದದ್ದು ಭಾವ? ಲಿಂಕ್ ಕಳಿಸಿ.

ಭಾವ: ನಾನು ಕಳಿಸಿದ್ದಕ್ಕೆ ಮಾತ್ರ ನಿನಗೆ ಲಿಂಕ್ ಬೇಕು. ಕೊರೊನಾ ಸಮಯದಲ್ಲಿ ನೀನು ಕಳಿಸಿದ ಬಿಸಿನೀರಿನ ಮದ್ದಿಗೆ ಯಾರು ಲಿಂಕ್ ಕೊಟ್ಟಿದ್ದರು?

ಚಿಕ್ಕಪ್ಪ: 1956ರಲ್ಲಿ ಊರು ಕೇರಳಕ್ಕೆ ಹೋದಾಗಲೇ ನಮ್ಮ ಮಾತು ಯಾರೂ ಕೇಳಲಿಲ್ಲ. ಈಗ ಹೂವಿನ ವಿಷಯಕ್ಕೆ ಕೇಳುತ್ತಾರಾ.

ಅಕ್ಕ: ಅಯ್ಯೋ ಆ ಹೂವು! ಶಾಲೆಗೆ ಹೋಗುವಾಗ ಅಡಿಕೆ ಮರದ ಸಂಕ ದಾಟುತ್ತಿದ್ದೆವಲ್ಲ, ಅದರ ಕೆಳಗೇ ಇರುತ್ತಿತ್ತು. ಒಮ್ಮೆ ನನ್ನ ಕೊಡೆ ಬಿದ್ದು ತೇಲಿಹೋಗಿತ್ತು. ಯಾರು ತಳ್ಳಿದ್ದು ಅಂತ ನನಗೆ ಈಗಲೂ ಗೊತ್ತು.

ತಮ್ಮ: ನಾನಲ್ಲ.

ನಾನು: ಕೊಡೆ ಆಮೇಲೆ. ಫೋಟೊದಲ್ಲಿರುವುದು ಪೆರಿಯ ಪೋಳತ್ತಾಳಿ, ವಿಜ್ಞಾನದ ಹೆಸರು ಕ್ರೈನಮ್ ಮಲಬಾರಿಕಮ್. 2012ರಲ್ಲಿ ಹೊಸ ಜಾತಿ ಅಂತ ಪ್ರಕಟವಾದದ್ದು, 2023ರಲ್ಲಿ ಕಾಸರಗೋಡಿನ ಜಿಲ್ಲಾ ಹೂವಾಯಿತು. ಮುರಕಲ್ಲಿನ ಮೇಲೆ ಮಳೆಗಾಲದಲ್ಲಿ ಹರಿಯುವ ತೋಡೇ ಇದರ ಮನೆ. ಎಲೆಗಳು ರಿಬ್ಬನ್ನಿನ ಹಾಗೆ ನೀರಿನೊಳಗೆ ಹರಿವಿನ ದಿಕ್ಕಿಗೆ ಮಲಗಿರುತ್ತವೆ, ದಂಟು ಮಾತ್ರ ಮೇಲೆ ಬಂದು ಹೂ ಬಿಡುತ್ತದೆ. ಬೇಸಿಗೆಯಲ್ಲಿ ತೋಡು ಬತ್ತಿದರೂ ಗೆಡ್ಡೆ ನೆಲದೊಳಗೆ ಬದುಕಿರುತ್ತದೆ, ಗೆಡ್ಡೆ ಕಿತ್ತರೆ ಮಾತ್ರ ಗಿಡ ಹೋಯಿತು. ಇದು ಬೆಳೆಯುವ ತೋಡುಗಳು ಬೆರಳೆಣಿಕೆಯಷ್ಟು, ಜಗತ್ತಿನಲ್ಲಿ ಬೇರೆಲ್ಲೂ ಹುಡುಕಿ ತರುವ ಹಾಗಿಲ್ಲ.

ಭಾವ: ಮದ್ದಿನ ವಿಷಯ ಹೇಳು.

ನಾನು: ಹೇಳುತ್ತೇನೆ. ಈ ಹೂವಿನ ಸಸ್ಯ ಕುಟುಂಬದ ಕೆಲವು ಗಿಡಗಳಲ್ಲಿ ಗ್ಯಾಲಂಟಮೈನ್ ಅನ್ನುವ ವಸ್ತು ಸಿಗುತ್ತದೆ. ಅದನ್ನು ಶುದ್ಧ ಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಆಲ್ಝೈಮರ್‌ಗೆ ಮಾತ್ರೆಯಾಗಿ ಕೊಡುತ್ತಾರೆ. ಮರೆವಿನ ತೊಂದರೆ ಸ್ವಲ್ಪ ಹಗುರಾಗಬಹುದು, ಕಾಯಿಲೆ ವಾಸಿಯಾಗಲ್ಲ. ಡಾಕ್ಟರುಗಳು ಮುಚ್ಚಿಡಲು ಅದರಲ್ಲಿ ಏನೂ ಇಲ್ಲ, ಅವರೇ ಬರೆದುಕೊಡುವ ಮಾತ್ರೆ ಅದು. ಆದರೆ ಕ್ರೈನಮ್ ಗೆಡ್ಡೆಗಳಲ್ಲಿ ಲೈಕೋರಿನ್ ಕೂಡ ಇರುತ್ತದೆ, ಅದು ವಾಂತಿ ಭೇದಿ ತರಿಸುವ ವಿಷ. ಮನೆಯಲ್ಲಿ ಕುದಿಸಿದ ಲೋಟದಲ್ಲಿ ಯಾವುದು ಎಷ್ಟಿದೆ ಅಂತ ಯಾರು ಅಳೆಯುತ್ತಾರೆ? ದೊಡ್ಡಪ್ಪನಿಗೆ ಈಗಲೇ ಎರಡು ತುತ್ತು ಇಳಿಯಲ್ಲ. ದಯವಿಟ್ಟು ಕೊಡಬೇಡಿ. ನರರೋಗದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.

ಅತ್ತೆ: ದೊಡ್ಡವರ ಜೊತೆ ಮಾತಾಡುವ ರೀತಿಯಾ ಇದು? ಭಾವ ಅಂತಾದರೂ ನೋಡಬೇಕು.

ನಾನು: ಭಾವನ ಮೇಲೆ ನನಗೆ ಸಿಟ್ಟಿಲ್ಲ ಅತ್ತೆ. ಭಾವ, ಒಂದೇ ಪ್ರಶ್ನೆ. ಗೆಡ್ಡೆ ಕಿತ್ತಿದ್ದೀರಾ?

ಭಾವ: ಎರಡು. ಬಕೆಟ್ಟಿನಲ್ಲಿ ನೀರು ಹಾಕಿ ಇಟ್ಟಿದ್ದೇನೆ.

ನಾನು: ಇವತ್ತೇ ಕಿತ್ತ ಜಾಗದಲ್ಲೇ ನೆಟ್ಟು ಬನ್ನಿ. ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ನೀರು ಎಳೆದುಕೊಂಡು ಹೋಗುತ್ತದೆ.

ಚಿಕ್ಕಪ್ಪ: ಒಂದು ನಿಮಿಷ. ಸಂಕದ ಹತ್ತಿರವಾ ಕಿತ್ತದ್ದು? ಆಸ್ತಿ ಪಾಲಾದಾಗ ಆ ಬದಿ ನನಗೆ ಬಂದದ್ದು. ಕೇಳದೆ ಹೇಗೆ ಇಳಿದೆ?

ಭಾವ: ಪಾಲಿನ ಮಾತು ತೆಗೆದದ್ದು ನಾನಲ್ಲ, ಎಲ್ಲರೂ ನೋಡಿ.