ಕೆಲಸದ ವಾಟ್ಸಾಪ್ ಗುಂಪುಗಳಿಂದ ಹೊರಬರಲಾಗದವರು ಒತ್ತಡ ತಗ್ಗಿಸಿಕೊಳ್ಳುವುದು ಹೇಗೆ?

ಮಲೆನಾಡ ಮೇಷ್ಟ್ರು (ಪ್ರಶ್ನೆ)

ಉತ್ತರ ಕನ್ನಡ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠ ನಡೆಸುವುದಕ್ಕೆಂದು ಕಟ್ಟಿಕೊಂಡ ವಾಟ್ಸಾಪ್ ಗುಂಪುಗಳು ಶಾಲೆ ತೆರೆದ ಮೇಲೂ ಉಳಿದುಕೊಂಡವು. ಆಮೇಲೆ ಸಹೋದ್ಯೋಗಿಗಳದು, ಕ್ಲಸ್ಟರಿನದು, ತಾಲ್ಲೂಕಿನ ವಿಷಯ ಶಿಕ್ಷಕರದು, ಎಸ್‌ಡಿಎಂಸಿಯದು (ಶಾಲಾಭಿವೃದ್ಧಿ ಸಮಿತಿ) ಎಂದು ಹೊಸವು ಸೇರುತ್ತಲೇ ಹೋದವು. ಅಂಕಿಅಂಶ ಕೇಳುವ ಸಂದೇಶಗಳು ಹೆಚ್ಚಾಗಿ ಸಂಜೆಯ ನಂತರವೇ ಬರುತ್ತವೆ, ‘ತುರ್ತು’ ಎಂಬ ಪದವೂ ಅವುಗಳಲ್ಲಿ ಇದ್ದೇ ಇರುತ್ತದೆ.

ರೀಲ್ಸ್ ನೋಡುತ್ತಾ ಹೊತ್ತು ಕಳೆಯುವ ಚಟ ನನಗಿಲ್ಲ. ಆದ್ದರಿಂದ ‘ಸ್ಕ್ರೀನ್ ಟೈಮ್ ಕಡಿಮೆ ಮಾಡಿ’ ಎಂಬ ಸಲಹೆಯಿಂದ ನನಗೆ ಪ್ರಯೋಜನವಾಗುತ್ತಿಲ್ಲ. ಫೋನು ಪಕ್ಕದ ಕೋಣೆಯಲ್ಲಿದ್ದರೂ ಯಾರೋ ಏನನ್ನೋ ಕೇಳಿರಬಹುದು ಎಂಬ ಕಾಯುವಿಕೆ ನನ್ನನ್ನು ದಣಿಸುತ್ತಿದೆ. ಗುಂಪುಗಳನ್ನು ಬಿಡುವಂತಿಲ್ಲ, ಫೋನನ್ನು ಆಫ್ ಮಾಡುವಂತೆಯೂ ಇಲ್ಲ, ಏಕೆಂದರೆ ವಯಸ್ಸಾದ ತಂದೆತಾಯಿ ಬೇರೆ ಊರಿನಲ್ಲಿದ್ದಾರೆ. ಇಂಥ ಸ್ಥಿತಿಯಲ್ಲಿರುವವರು ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಜಯನಗರದ ತಂತ್ರಜ್ಞ

ನಿಮ್ಮ ಪ್ರಶ್ನೆಗೆ ಬಹಳ ಹತ್ತಿರವಾದ ಅಧ್ಯಯನವೊಂದು ಭಾರತದ ಸ್ಮಾರ್ಟ್‌ಫೋನ್ ಬಳಕೆದಾರರನ್ನೇ ಇಟ್ಟುಕೊಂಡು ನಡೆದು, 2019ರಲ್ಲಿ ಪ್ರಕಟವಾಯಿತು. ಎರಡು ವಾರಗಳ ಆ ಪ್ರಯೋಗದಲ್ಲಿ ಕೆಲವರಿಗೆ ನೋಟಿಫಿಕೇಶನ್‌ಗಳು ಎಂದಿನಂತೆ ಬಂದವು, ಕೆಲವರಿಗೆ ದಿನಕ್ಕೆ ಮೂರು ಹೊತ್ತು ಮಾತ್ರ ಕಂತುಕಂತಾಗಿ ಬಂದವು, ಮತ್ತೆ ಕೆಲವರಿಗೆ ಬರಲೇ ಇಲ್ಲ. ಮೂರು ಕಂತುಗಳಲ್ಲಿ ಪಡೆದವರ ಗಮನ ಮತ್ತು ಮನಃಸ್ಥಿತಿ ಸುಧಾರಿಸಿದವು, ಒತ್ತಡ ತಗ್ಗಿತು. ಪೂರ್ತಿಯಾಗಿ ನಿಲ್ಲಿಸಿಕೊಂಡವರಲ್ಲಿ ಮಾತ್ರ ಆತಂಕ ಹೆಚ್ಚಿತು. ಏನೋ ತಪ್ಪಿಹೋಗುತ್ತಿದೆ ಎಂಬ ಭಯ ಮೌನದಲ್ಲಿ ಬೆಳೆಯುತ್ತದೆ ಎಂಬುದು ನೀವು ಹೇಳುವ ಕಾಯುವಿಕೆಗೆ ಚೆನ್ನಾಗಿ ಹೊಂದುತ್ತದೆ. ಹಾಗಾಗಿ ವಾರಾಂತ್ಯದ ‘ಡಿಜಿಟಲ್ ಉಪವಾಸ’ಕ್ಕಿಂತ ಗೊತ್ತಾದ ಹೊತ್ತಿನಲ್ಲಿ ನೋಡುವ ಕ್ರಮವೇ ನಿಮಗೆ ಹೆಚ್ಚು ಒಗ್ಗೀತು.

ಫೋನಿನಲ್ಲಿ ಇದನ್ನು ಅಳವಡಿಸುವುದು ಕಷ್ಟವಲ್ಲ. ಕೆಲಸದ ಗುಂಪುಗಳನ್ನೆಲ್ಲ ಆರ್ಕೈವ್ ಮಾಡಿ, ಹೊಸ ಸಂದೇಶ ಬಂದರೂ ಅವು ಅಲ್ಲಿಯೇ ಉಳಿಯುವಂತೆ ಚಾಟ್ಸ್ ಸೆಟ್ಟಿಂಗ್‌ನಲ್ಲಿ ಆಯ್ಕೆ ಮಾಡಿ. ನಿಮ್ಮ ಹೆಸರನ್ನು ಟ್ಯಾಗ್ ಮಾಡಿದಾಗ ಅಥವಾ ನಿಮ್ಮ ಸಂದೇಶಕ್ಕೆ ಉತ್ತರ ಬಂದಾಗ ಮಾತ್ರ ನಿಮಗೆ ಸೂಚನೆ ಬರುತ್ತದೆ. ತಂದೆತಾಯಿಯರ ವಿಷಯಕ್ಕೆ ಬಂದರೆ, ಆಂಡ್ರಾಯ್ಡ್‌ನ ‘ಡು ನಾಟ್ ಡಿಸ್ಟರ್ಬ್’ ಅನ್ನು ರಾತ್ರಿಯ ವೇಳೆಗೆ ನಿಗದಿಪಡಿಸಿ, ನಕ್ಷತ್ರ ಗುರುತು ಹಾಕಿದ ಸಂಖ್ಯೆಗಳ ಕರೆಗಳಿಗೆ ವಿನಾಯಿತಿ ಕೊಡಬಹುದು. 15 ನಿಮಿಷದೊಳಗೆ ಒಬ್ಬರೇ ಎರಡನೆಯ ಬಾರಿ ಕರೆದರೆ ಫೋನು ರಿಂಗಾಗುವ ಆಯ್ಕೆಯೂ ಅಲ್ಲಿದೆ. ನಿಜವಾದ ತುರ್ತು ಇದ್ದವರು ಎರಡು ಸಲ ಕರೆ ಮಾಡಿಯೇ ಮಾಡುತ್ತಾರೆ. ಸಂದೇಶ ಹಾಕಿ ಸುಮ್ಮನಾದವರಿಗೆ ಬೆಳಗಿನವರೆಗೆ ಕಾಯಲು ಅಡ್ಡಿಯಿರುವುದಿಲ್ಲ.

ಧಾರವಾಡದ ಆಪ್ತಸಮಾಲೋಚಕಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಕೈ ಸುಮ್ಮನಿರುತ್ತದೆ ಎಂದು ನಿರೀಕ್ಷಿಸಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಗ್ಲೋರಿಯಾ ಮಾರ್ಕ್ ಅವರು ಕಚೇರಿಗಳಲ್ಲಿ ಜನ ಕೆಲಸ ಮಾಡುವ ಬಗೆಯನ್ನು ದೀರ್ಘಕಾಲ ಗಮನಿಸಿ, ಕೆಲಸಕ್ಕೆ ಬರುವ ಅಡಚಣೆಗಳಲ್ಲಿ ಸರಿಸುಮಾರು ಅರ್ಧದಷ್ಟನ್ನು ನಾವೇ ತಂದುಕೊಳ್ಳುತ್ತೇವೆ ಎಂದು ಕಂಡುಕೊಂಡರು. ಯಾರೂ ಕರೆಯದಿದ್ದರೂ ನಾವೇ ಹೋಗಿ ನೋಡುತ್ತೇವೆ. 2012ರಲ್ಲಿ ಅವರ ತಂಡ ಒಂದು ಕಚೇರಿಯ 13 ಮಂದಿಗೆ ಐದು ದಿನ ಇಮೇಲ್ ನಿಲ್ಲಿಸಿ ಹೃದಯ ಬಡಿತವನ್ನು ಅಳೆದಾಗ, ಅವರ ದೇಹದಲ್ಲಿಯೇ ಒತ್ತಡದ ಲಕ್ಷಣ ಕಡಿಮೆಯಾಗಿದ್ದು ಕಂಡುಬಂತು. ಅಧ್ಯಯನ ಚಿಕ್ಕದು, ನಿಜ. ಆದರೂ ನನ್ನ ಬಳಿ ಬರುವ ಶಿಕ್ಷಕರು ಮತ್ತು ಬ್ಯಾಂಕ್ ನೌಕರರು ಹೇಳುವುದಕ್ಕೆ ಅದು ಹೊಂದಿಕೆಯಾಗುತ್ತದೆ.

ಮೊದಲ ಕೆಲವು ವಾರ ಚಡಪಡಿಕೆ ಇರುತ್ತದೆ, ಅದನ್ನು ಸೋಲೆಂದು ತಿಳಿಯಬಾರದು. ಫೋನು ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ, ಎಚ್ಚರಕ್ಕೆ ಹಳೆಯ ಅಲಾರಾಂ ಗಡಿಯಾರವೊಂದು ಇರಲಿ. ಬೇರೆ ಏನನ್ನೂ ಮಾಡಲಾಗದವರಿಗೂ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಓದಿದ ಸಂದೇಶಕ್ಕೆ ಆಗ ಉತ್ತರ ಕೊಡಲಾಗದಿದ್ದರೂ ಅದು ನಿದ್ದೆಯನ್ನು ಕೆಡಿಸಿಯೇ ತೀರುತ್ತದೆ. ನಿದ್ದೆ, ಊಟ, ಮನೆಯವರೊಂದಿಗಿನ ಮಾತು ಇವೆಲ್ಲ ಏರುಪೇರಾಗುವಷ್ಟು ತೊಂದರೆ ಆಗಿದ್ದರೆ ನಿಮ್ಹಾನ್ಸ್‌ನವರು ತಂತ್ರಜ್ಞಾನದ ಅತಿಬಳಕೆಯ ತೊಂದರೆಗೆಂದು 2014ರಿಂದ ಬೆಂಗಳೂರಿನಲ್ಲಿ ನಡೆಸುತ್ತಿರುವ ‘ಶಟ್’ ಕ್ಲಿನಿಕ್ ಇದೆ. ದೂರದವರು ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೆಲ್ಬರ್ನ್ ಕನ್ನಡಿಗ

ಇಲ್ಲಿ ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಕೆಲಸದ ಹೊತ್ತಿನ ನಂತರದ ಕರೆ ಮತ್ತು ಸಂದೇಶಗಳನ್ನು ನೋಡದಿರುವ, ಉತ್ತರಿಸದಿರುವ ಹಕ್ಕು ನೌಕರರಿಗೆ ಕಾನೂನಿನಲ್ಲಿಯೇ ಇದೆ. ಫ್ರಾನ್ಸ್‌ನಲ್ಲಿ ಇಂಥ ನಿಯಮ 2017ರಿಂದಲೇ ಜಾರಿಯಲ್ಲಿದೆ. ಊರಿನ ಗೆಳೆಯರು ಇದನ್ನು ಕೇಳಿ ಇಲ್ಲಿ ಸಂಜೆ ಯಾರೂ ಸಂದೇಶ ಕಳಿಸುವುದೇ ಇಲ್ಲ ಎಂದುಕೊಳ್ಳುತ್ತಾರೆ, ಅದು ಸರಿಯಲ್ಲ. ಕಳಿಸುವುದಕ್ಕೆ ನಿಷೇಧವಿಲ್ಲ, ನಿರಾಕರಣೆ ಅಸಮಂಜಸವಾಗಿದ್ದರೆ, ಅಂದರೆ ಹುದ್ದೆಯ ಸ್ವರೂಪ, ಸಂಪರ್ಕದ ಕಾರಣ, ಅದಕ್ಕೆ ಸಿಗುವ ಭತ್ಯೆ ಮುಂತಾದವನ್ನು ನೋಡಿದಾಗ ಉತ್ತರಿಸುವುದೇ ನ್ಯಾಯವೆನಿಸಿದರೆ, ಹಕ್ಕು ಅನ್ವಯಿಸುವುದಿಲ್ಲ. ಆದರೂ ಉತ್ತರಿಸದವನು ಕಾರಣ ಹೇಳಬೇಕಾದ ಸ್ಥಿತಿ ಹೋಗಿ, ಕಳಿಸುವವನು ಒಂದು ಕ್ಷಣ ಯೋಚಿಸುವ ಸ್ಥಿತಿ ಬಂದಿದೆ. ನಮ್ಮ ಕಚೇರಿಯಲ್ಲಿ ಹಲವರು ರಾತ್ರಿ ಬರೆದ ಇಮೇಲನ್ನು ಬೆಳಿಗ್ಗೆ ಹೋಗುವಂತೆ ನಿಗದಿಪಡಿಸುತ್ತಾರೆ. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು 2018ರಲ್ಲಿ ಇದೇ ಆಶಯದ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ.

ಮಲೆನಾಡ ಮೇಷ್ಟ್ರು

ಎಲ್ಲರಿಗೂ ಧನ್ಯವಾದಗಳು. ಆರ್ಕೈವ್ ಮಾಡಿದ್ದೇನೆ, ತಂದೆಯವರ ಸಂಖ್ಯೆಗೆ ನಕ್ಷತ್ರವನ್ನೂ ಹಾಕಿದ್ದೇನೆ. ಒಂದು ತೊಡಕು ಮಾತ್ರ ಉಳಿದಿದೆ. ವೈಯಕ್ತಿಕ ಚಾಟ್‌ಗಳಲ್ಲಿ ನೀಲಿ ಟಿಕ್ ಅನ್ನು ಮುಚ್ಚಿಡಬಹುದಾದರೂ ಗುಂಪುಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಸಂದೇಶ ಹಾಕಿದವರು ಯಾರು ಓದಿದ್ದಾರೆ, ಯಾರು ಓದಿಲ್ಲ ಎಂಬುದನ್ನು ಒಬ್ಬೊಬ್ಬರ ಹೆಸರಿನೊಂದಿಗೆ ನೋಡಬಹುದು. ‘ಓದಿಯೂ ಉತ್ತರಿಸಿಲ್ಲ’ ಎಂಬ ಮಾತು ಮರುದಿನ ಸ್ಟಾಫ್ ರೂಮಿನಲ್ಲಿ ಬರುತ್ತದೆ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಪರಿಹಾರವಿದ್ದಂತೆ ಕಾಣಲಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೆಳಗಾವಿ

ಅದಕ್ಕೆ ಫೋನಿನಲ್ಲಿ ಪರಿಹಾರ ಹುಡುಕಬೇಡಿ. ಒಬ್ಬರೇ ಸಂಜೆ ಉತ್ತರಿಸುವುದನ್ನು ನಿಲ್ಲಿಸಿದರೆ ಅದು ಉಡಾಫೆಯಾಗಿ ಕಾಣುತ್ತದೆ, ಎಲ್ಲರೂ ಒಟ್ಟಾಗಿ ನಿಲ್ಲಿಸಿದರೆ ಶಿಸ್ತಾಗುತ್ತದೆ. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಪ್ರತಿ ಸಂಜೆ ಏಳಕ್ಕೆ ಸೈರನ್ ಕೂಗಿದಾಗ ಇಡೀ ಊರು ಒಂದೂವರೆ ಗಂಟೆ ಟಿವಿ ಮತ್ತು ಮೊಬೈಲನ್ನು ಬದಿಗಿಡುವ ಪದ್ಧತಿ ಶುರುವಾಯಿತು. ಮಕ್ಕಳ ಓದಿಗೆಂದು ಮಾಡಿದ ಏರ್ಪಾಡು ಅದು. ಆ ಹೊತ್ತಿನಲ್ಲಿ ಫೋನ್ ಎತ್ತದವನನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಕರೆ ಮಾಡುವವನೂ ಅದೇ ಊರಿನವನು. (ನಿಮ್ಮ ತಾಲ್ಲೂಕಿಗೆಲ್ಲ ಸೈರನ್ ಹಾಕಿಸಿ ಎಂದು ನಾನು ಹೇಳುತ್ತಿಲ್ಲ.)

ನಿಮ್ಮ ಕೈಯಳತೆಯಲ್ಲಿರುವುದು ಪೋಷಕರ ಗುಂಪು, ಮೊದಲು ಅಲ್ಲಿಂದಲೇ ಆರಂಭಿಸಿ. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನು ಬದಲಿಸಿದರೆ ಶುಭೋದಯದ ಚಿತ್ರಗಳು ಮತ್ತು ಫಾರ್ವರ್ಡ್‌ಗಳು ಅಂದೇ ನಿಲ್ಲುತ್ತವೆ. ಅನಂತರ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಸಹೋದ್ಯೋಗಿಗಳ ಗುಂಪಿನ ವಿವರಣೆಯಲ್ಲಿ ಹೀಗೊಂದು ಸಾಲು ಬರೆಸಿ: ‘ಸಂಜೆ 6ರ ನಂತರ ಬಂದ ಸಂದೇಶಗಳಿಗೆ ಮರುದಿನ ಬೆಳಿಗ್ಗೆ 9.30ರೊಳಗೆ ಉತ್ತರ ಸಿಗುತ್ತದೆ. ಅದಕ್ಕೂ ಮೊದಲು ಬೇಕಿದ್ದರೆ ಕರೆ ಮಾಡಿ.’ ಕೊನೆಯ ಮೂರು ಪದಗಳನ್ನು ಬಿಡಬೇಡಿ. ಕರೆ ಮಾಡಲು ಅಡ್ಡಿಯಿಲ್ಲ ಎಂದಾಗ ಮೇಲಿನವರಿಗೆ ಆಕ್ಷೇಪಿಸಲು ಕಾರಣ ಉಳಿಯುವುದಿಲ್ಲ, ಮತ್ತು ರಾತ್ರಿ ಒಬ್ಬೊಬ್ಬರಿಗೂ ಕರೆ ಮಾಡಿ ಅಂಕಿಅಂಶ ಕೇಳುವ ಉತ್ಸಾಹ ಬಹಳ ಜನಕ್ಕೆ ಇರುವುದಿಲ್ಲ. ತಾಲ್ಲೂಕು ಮಟ್ಟದ ಗುಂಪಿನ ವಿಷಯವನ್ನು ಶಿಕ್ಷಕರ ಸಂಘದ ಮೂಲಕ ಲಿಖಿತವಾಗಿ ಎತ್ತುವುದು ಒಳ್ಳೆಯದು. ಆಗ ಜೊತೆಗೆ ಕೇಳಬೇಕಾದದ್ದು ಇನ್ನೊಂದಿದೆ: ಪದೇಪದೇ ಬೇಕಾಗುವ ಮಾಹಿತಿಗೆ ಸ್ಥಿರವಾದ ನಮೂನೆ ಮತ್ತು ತಿಂಗಳ ಗೊತ್ತಾದ ದಿನಾಂಕ. ‘ತುರ್ತು’ ಎಂದು ಬರುವ ಕೋರಿಕೆಗಳಲ್ಲಿ ಬಹುಪಾಲು ಕಳೆದ ತಿಂಗಳೂ ಬಂದಿದ್ದವೇ ಆಗಿರುತ್ತವೆ.