ಟಾಪ್ ಫ್ಲೋರ್ ಬಾಡಿಗಿ ಮನಿ, ಏಸಿ ಇಲ್ದೆ ತಂಪು ಮಾಡೋದು ಹೆಂಗ್ರೀ?

ಬಿಸ್ಲೂರಾಕಿ: ರಾಯಚೂರಾಗ ಎರಡನೇ ಮಹಡಿ ಮನಿ, ಮ್ಯಾಲ ಬರೀ ಆರ್‌ಸಿಸಿ, ಅಂದ್ರ ಕಾಂಕ್ರೀಟ್ ಚತ್ತು. ಮಾರ್ಚ್‌ನ್ಯಾಗೇ ಹಿಂಗ ಕಾದ್ರ ಮೇನ್ಯಾಗ 42-43 ಡಿಗ್ರಿ ಆದಾಗ ಏನ್ ಗತಿ? ರಾತ್ರಿ 11ಕ್ಕೂ ಫ್ಯಾನ್ ಬಿಸಿಗಾಳಿನೇ ಹೊಡೀತದ, ಸಣ್ಣ ಕೂಸು ಬ್ಯಾರೆ ಅದ. ಏಸಿಗೆ ರೊಕ್ಕಿಲ್ಲ. ನಿಮ್ಮನ್ಯಾಗ ಏನ್ ಮಾಡೀರಿ, ಎಷ್ಟ್ ಖರ್ಚ್ ಬಂತು ಹೇಳ್ರಿ.

ಮಾಳಿಗಿ ಮನಿ: ಅಕ್ಕಾರ, ನಾವು ಕಲಬುರಗಿ, ನಮ್ದೂ ಇದೇ ಕಥಿ ಇತ್ತು. ಮೊದ್ಲು ಕೂಲರ್‌ಗೆ ದುಡ್ಡು ಸುರದ್ವಿ, ಆಮ್ಯಾಲ ತಿಳೀತು ಬಿಸಿ ಬರೋದು ಕಿಟಕಿಯಿಂದ ಅಲ್ಲ ನೆತ್ತಿ ಮ್ಯಾಲಿಂದ ಅಂತ. ಹಗಲೆಲ್ಲ ಬಿಸಿಲು ಕುಡದ ಸ್ಲ್ಯಾಬು ರಾತ್ರಿ ಅದನ್ನೇ ಒಳಗ ಬಿಡ್ತದ. ನಮ್ಮಜ್ಜನ ಮಣ್ಣಿನ ಮಾಳಿಗಿ ಮನ್ಯಾಗ ಮಧ್ಯಾಹ್ನ ಫ್ಯಾನ್ ಇಲ್ದೇ ಮಲಗ್ತಿದ್ವಿ, ಈಗಿನ ಸಿಮೆಂಟ್ ಮನ್ಯಾಗ ಆಗಂಗಿಲ್ಲ. ಅದಕ್ಕ ಟೆರೇಸ್‌ಗೆ ಸುಣ್ಣ ಹೊಡೀರಿ. ಸುಣ್ಣದ ಕಲ್ಲು ಡ್ರಮ್‌ನ್ಯಾಗ ಹಿಂದಿನ ರಾತ್ರಿನೇ ನೆನಿ ಹಾಕ್ರಿ, ಕೊತಕೊತ ಕುದೀತದ, ಕೂಸಿನ ಹತ್ರ ಬಿಡಬ್ಯಾಡ್ರಿ, ಕಣ್ಣಿಗೆ ಸಿಡಿದ್ರ ಕಷ್ಟ. ಮರುದಿನ ಸೋಸಿ, ಬಿಳಿ ಸಿಮೆಂಟು, ಸ್ವಲ್ಪ ಫೆವಿಕಾಲ್ ಕಲಸಿ, ಚತ್ತು ಕಸಬರಿಗಿಲೆ ತಿಕ್ಕಿ ತೊಳದು, ಎರಡು ಕೋಟ್. ನಾನೂ ತಮ್ಮನೂ ಬಳದ್ವಿ, ಸಾವಿರದ ಸುತ್ತಮುತ್ತ ಮುಗೀತು. ಏಸಿ ಹಂಗ ಆಗಂಗಿಲ್ಲ, ಆದ್ರ ರಾತ್ರಿ ಗ್ವಾಡಿ ಮುಟ್ಟಿದ್ರ ಕೈ ಸುಡೋದು ನಿಲ್ತದ. ಮಳಿಗೆ ಹೋಗ್ತದ, ವರ್ಷಾ ಹೊಡೀಬೇಕು.

ಬಳ್ಳಾರಿ ಬಿಸ್ಲು: ಸುಣ್ಣ ಸರಿ, ಆದ್ರೆ ಕೂಲರ್ ಬೈಬೇಡಿ, ಇಟ್ಟ ಜಾಗ ತಪ್ಪಿರ್ತದೆ. ರೂಮ್ ಒಳಗೆ ಇಟ್ಕೊಂಡು ಬಾಗ್ಲು ಹಾಕಿದ್ರೆ ಬರೀ ಅಂಟಂಟು. ಕಿಟಕಿಗೆ ಆನಿಸಿ ಹೊರಗಿನ ಗಾಳಿ ಎಳೆಯೋ ಹಂಗಿಡಿ, ಎದುರು ಕಿಟಕಿ ತೆಗೀರಿ. ನಮ್ಮದು 180 ವ್ಯಾಟ್, ಒಂದೂವರೆ ಟನ್ ಏಸಿ ಒಂದೂವರೆ ಕಿಲೋವ್ಯಾಟ್ ಹತ್ರ ತಿಂತದೆ. ಬೋರ್ ನೀರಾದ್ರೆ ಪ್ಯಾಡ್‌ಗೆ ಉಪ್ಪು ಕಟ್ತದೆ, ನೋಡ್ಕೊಳಿ.

ಕುಡ್ಲದವ: ಇದೆಲ್ಲ ನಿಮ್ಮ ಒಣ ಸೆಕೆಗೆ ಆದೀತು ಮಾರಾಯ್ರೆ, ನಮ್ಮ ಮಂಗಳೂರಿನ ಹಸಿ ಗಾಳಿಯಲ್ಲಿ ಕೂಲರ್ ಇಟ್ರೆ ಬಟ್ಟೆಗೆ ಬೂಸ್ಟು ಬರ್ತದೆ ಅಷ್ಟೆ. ನಾವು ಟೆರೇಸಲ್ಲಿ ಕಂಬ ಕಟ್ಟಿ ತೆಂಗಿನ ಮಡಲು ಹಾಸೋದು. ಬಿಸಿಲು ಸ್ಲ್ಯಾಬಿಗೇ ತಾಗ್ಲಿಕ್ಕಿಲ್ಲ. ನಿಮ್ಮಲ್ಲಿ ಮಡಲು ಸಿಗದಿದ್ರೆ ನರ್ಸರಿಯವರ ಹಸಿರು ನೆಟ್ ಹಾಕಿ.

ಫ್ಯಾನ್ ರಿಪೇರಿ: ಫ್ಯಾನ್ ಸ್ಲೋ ಆಗಿದ್ರೆ ಮೊದ್ಲು ಕೆಪ್ಯಾಸಿಟರ್ ಬದಲಾಯಿಸಿ, ನೂರು ರೂಪಾಯಿ ಒಳಗೆ ಬರುತ್ತೆ. ಹೊಸದೇ ತಗೊಳೋದಾದ್ರೆ ಬಿಎಲ್‌ಡಿಸಿ, ಅಂದ್ರೆ ಕಮ್ಮಿ ಕರೆಂಟ್ ತಿನ್ನೋ ಮೋಟಾರಿನ ಫ್ಯಾನ್. ಹಳೇ ಫ್ಯಾನ್ 75 ವ್ಯಾಟ್, ದಿನಕ್ಕೆ 16 ಗಂಟೆ ತಿರುಗಿದ್ರೆ 1.2 ಯೂನಿಟ್, ಇದು 30 ವ್ಯಾಟ್, ಅರ್ಧ ಯೂನಿಟ್‌ಗೂ ಕಮ್ಮಿ. ಆದ್ರೆ ಚತ್ತು ಕಾದಿದ್ರೆ ಇದೂ ಬಿಸಿ ಗಾಳಿನೇ ಕೊಡೋದು, ಸುಳ್ಳು ಹೇಳಲ್ಲ.

ಬಿಸ್ಲೂರಾಕಿ: ಓನರ್ ಕಂಬ ನೆಡಬ್ಯಾಡ ಅಂದ್ರು, ಸುಣ್ಣಕ್ಕ ಹೂಂ ಅಂದಾರ. ಸಂಜಿಗೆ ಚತ್ತಿಗೆ ನೀರು ಹೊಡೀಲೇನ್ರೀ?

ಮಾಳಿಗಿ ಮನಿ: ನಿಮ್ಮಲ್ಲಿ ನೀರು ಬರೋದು ಎಷ್ಟು ದಿನಕ್ಕೊಮ್ಮಿ ಅಕ್ಕಾರ? ಕುಡಿಯೋ ನೀರು ಚೆಲ್ಲಬ್ಯಾಡ್ರಿ. ಬಟ್ಟಿ ಒಗದ ಕೊನಿ ನೀರು ಹೊತ್ತು ಮುಳುಗಿದ ಮ್ಯಾಲ ಹೊಡೀರಿ, ಮೂಲಿ ನೆರಳಾಗ ಗೋಣಿಚೀಲ ಹಾಸಿ ತೋಯಿಸಿದ್ರ ತಡಕೊಂಡು ಆರ್ತದ. ಹಗಲು 10ಕ್ಕ ಕಿಟಕಿ ಮುಚ್ರಿ, ರಾತ್ರಿ ಪೂರಾ ತೆಗೀರಿ. ಮತ್ತ ಆ ಕರಿ ಟ್ಯಾಂಕಿಗೂ ಒಂದು ಕೈ ಸುಣ್ಣ ಬಳೀರಿ, ಇಲ್ಲಾಂದ್ರ ಮಧ್ಯಾಹ್ನ ಕೂಸಿನ ಕುಂಡಿ ತೊಳಿಯಾಕೂ ನಲ್ಲಿ ನೀರು ಆರಿಸ್ಕೋಬೇಕಾಗ್ತದ.