ಹಿತ್ತಿಲ ಬೋರ್ಡ್ ಮೇಲೆ ಸೀಮೆಸುಣ್ಣ ಜಾರ್ತಿದೆ, ಮಳೆಗೆ ಅಂಚೂ ಉಬ್ಬಿದೆ. ಏನ್ ಮಾಡ್ಲಿ?

ಹಿತ್ತಿಲ_ನುಗ್ಗೆ:
ಎಲ್ರಿಗೂ ನಮಸ್ಕಾರ. ವಿದ್ಯಾರಣ್ಯಪುರದಲ್ಲಿ ನಮ್ಮ ಮನೆ ಹಿಂದೆ ಎಂಟಡಿ ಜಾಗ ಇದೆ. ಒಂದು ಬಟ್ಟೆ ಒಗೆಯೋ ಕಲ್ಲು, ಒಂದು ನುಗ್ಗೆ ಮರ, ಅಷ್ಟೇ. ಮಗಳು ರಜೆಯಲ್ಲಿ ಮನೆಗೋಡೆ ಎಲ್ಲಾ ಗೀಚ್ತಾಳೆ ಅಂತ ಕಾಂಪೌಂಡಿಗೆ ಒಂದು ಬೋರ್ಡ್ ಮಾಡಿ ಹಾಕಿದೆ. ವಾರ್ಡ್‌ರೋಬ್ ಕೆಲಸದಲ್ಲಿ ಉಳಿದ 12 ಎಂಎಂ ಪ್ಲೈ, 4 ಅಡಿಗೆ 3 ಅಡಿ. ಗೇಟಿಗೆ ಹೊಡೆದು ಮಿಕ್ಕಿದ್ದ ಕಪ್ಪು ಆಯಿಲ್ ಪೇಂಟ್, ಎರಡು ಕೋಟ್. ನೋಡಕ್ಕೇನೋ ಫಳಫಳ ಅಂತಿತ್ತು, ಬರೆಯಕ್ಕೆ ಹೋದ್ರೆ ಸೀಮೆಸುಣ್ಣ ಕೀಚ್ ಅಂತ ಜಾರತ್ತೆ, ಗೆರೆನೇ ಮೂಡಲ್ಲ. ಹೋದ ವಾರ ಆಲಿಕಲ್ಲು ಮಳೆ ಬಂದ್ಮೇಲೆ ಕೆಳಗಿನ ಅಂಚು ಟೀಯಲ್ಲಿ ಅದ್ದಿದ ರಸ್ಕ್ ತರ ಉಬ್ಬಿ ಪದರ ಬಿಟ್ಟಿದೆ. ಅಂಗಡಿಯಲ್ಲಿ ಚಾಕ್‌ಬೋರ್ಡ್ ಪೇಂಟ್ ಕೇಳಿದೆ, ನನ್ನ ಬೋರ್ಡಿಗಿಂತ ಡಬ್ಬಿನೇ ದುಬಾರಿ. ಐನೂರು ರೂಪಾಯಿ ಒಳಗೆ ದಾರಿ ಇದ್ರೆ ಹೇಳಿ.

ವಾರಾಂತ್ಯದ_ಬಡಗಿ:
ಮೇಲೆ ಒಂದು ಕೋಟ್ ವಾರ್ನಿಶ್ ಹೊಡೆದುಬಿಡಿ, ಮಳೆ ತಾಗಲ್ಲ.

ಉಳಿ_ಸುತ್ತಿಗೆ:
ಬೇಡ ಸಾರ್, ವಾರ್ನಿಶ್ ಹೊಡೆದ್ರೆ ಇನ್ನೂ ಜಾರತ್ತೆ. ಕಪ್ಪಗಿರೋದೆಲ್ಲ ಬೋರ್ಡಲ್ಲ. ಮೈ ತುಸು ತರಿತರಿ ಇದ್ರೆ ತಾನೇ ಅದು ಸುಣ್ಣನ ಕೆರೆದು ಹಿಡ್ಕೊಳ್ಳೋದು? ಗೇಟಿನ ಪೇಂಟ್ ಒಣಗಿದ್ಮೇಲೆ ಗಾಜಿದ್ದಂಗೆ.

ಮೊದಲು ಪ್ಲೈ ಮೇಲಿನ ಸೀಲ್ ನೋಡಿ. ಐಎಸ್ ಅನ್ನೋದು ಗುಣಮಟ್ಟದ ನಂಬರ್. ಐಎಸ್ 303, ಎಂಆರ್ (ತೇವ ತಡೆಯೋದು, ಮಳೆ ಅಲ್ಲ) ಅಂತಿದ್ರೆ ಅದು ಮನೆಯೊಳಗಿನ ಮಾಲು. ಹೊರಗಿಡಕ್ಕೆ ಐಎಸ್ 710, ಅಂದ್ರೆ ಮರೀನ್ ಪ್ಲೈ ಬೇಕಿತ್ತು. ಆದ್ರೂ ಎಸೀಬೇಡಿ. ಉಬ್ಬಿರೋ ಎರಡು ಇಂಚು ಗರಗಸದಲ್ಲಿ ಕೊಯ್ದು ತೆಗೀರಿ. ಪ್ಲೈ ನೀರು ಕುಡಿಯೋದು ಹೆಚ್ಚಾಗಿ ಅಂಚಿಂದಾನೇ. ನಿಮ್ಮ ಮಿಕ್ಕಿರೋ ಆಯಿಲ್ ಪೇಂಟ್ ಉಪಯೋಗಕ್ಕೆ ಬರೋದು ಅಲ್ಲೇ. ಪ್ಲೈ ಚೆನ್ನಾಗಿ ಒಣಗಿದ್ಮೇಲೆ ಮೊದಲ ಕೋಟ್ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹೊಡೀರಿ, ಒಳಗಿಳೀಲಿ. ಆಮೇಲೆ ಗಟ್ಟಿಯಾಗಿ ಎರಡು. ಹಿಂಬದಿಗೂ ಹೊಡೀರಿ, ಎಲ್ರೂ ಮರೆಯೋದು ಅದನ್ನೇ.

ಮುಂಭಾಗಕ್ಕೆ 120ರ ಉಪ್ಪುಕಾಗದ ಹಾಕಿ ಹೊಳಪು ಪೂರ್ತಿ ಹೋಗೋವರೆಗೂ ತಿಕ್ಕಿ, ಒಂದು ಕೋಟ್ ಪ್ರೈಮರ್ ಕೊಡಿ. ಆಮೇಲೆ ಹೊಳಪಿಲ್ಲದ ಕಪ್ಪು ಎಕ್ಸ್‌ಟೀರಿಯರ್ ಎಮಲ್ಷನ್ ಒಂದು ಕಪ್, ಅದಕ್ಕೆ ಟೈಲ್ಸ್ ಸಂದಿಗೆ ತುಂಬೋ ಗ್ರೌಟ್ ಪುಡಿ ಎರಡು ದೊಡ್ಡ ಚಮಚ. ಮರಳಿಲ್ಲದ ನಯ ಪುಡಿನೇ ಕೇಳಿ ತಗೊಳ್ಳಿ. ಗಂಟಿಲ್ಲದಂಗೆ ಕಲಸಿ, ರಾಗಿ ಅಂಬಲಿಗೆ ಹಿಟ್ಟು ಕದಡ್ತೀವಲ್ಲ ಹಂಗೆ. ಅದರಲ್ಲಿ ಸಿಮೆಂಟ್ ಇರತ್ತೆ, ಬೇಗ ಗಟ್ಟಿಯಾಗತ್ತೆ, ಹಾಗಾಗಿ ಒಂದು ಕೋಟಿಗೆ ಆಗೋಷ್ಟೇ ಕಲಸಿಕೊಳ್ಳಿ. ಸ್ಪಂಜ್ ರೋಲರ್‌ನಲ್ಲಿ ಮೂರು ಕೋಟ್. ಆಯಿಲ್ ಪೇಂಟಿಗೆ ಮಾತ್ರ ಈ ಪುಡಿ ಬೆರೆಸಬೇಡಿ, ಹೊಂದಲ್ಲ.

ಮೂರು ದಿನ ಮುಟ್ಟದೆ ಬಿಡಿ. ಬರೆಯೋ ಮುಂಚೆ ಸೀಮೆಸುಣ್ಣ ಅಡ್ಡ ಮಲಗಿಸಿ ಇಡೀ ಬೋರ್ಡಿಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ರೆ ಮೊದಲು ಬರೆದ ಅಕ್ಷರದ ನೆರಳು ಅಳಿಸಿದ್ರೂ ಹೋಗಲ್ಲ.

ನಿವೃತ್ತ_ಮೇಷ್ಟ್ರು:
ನೋಡಪ್ಪ, ನಾನು ಕೆಲಸಕ್ಕೆ ಸೇರಿದಾಗ ಶಾಲೆ ಗೋಡೆಯ ಗಾರೆಯೇ ಬೋರ್ಡು. ಶನಿವಾರ ಮಕ್ಕಳು ಇದ್ದಿಲು ಅರೆದು ತೊಂಡೆ ಎಲೆ ರಸದಲ್ಲಿ ಕಲಸಿ ಬಳಿಯೋರು, ಕೈ ಮೊಣಕೈವರೆಗೂ ಕಪ್ಪು. ಹಿತ್ತಿಲಲ್ಲಿ ಅದು ಒಂದು ಮಳೆಗೂ ನಿಲ್ಲಲ್ಲ ಬಿಡು. ಅಡುಗೆಮನೆ ಶೆಲ್ಫಿನ ಕಡಪ ಕಲ್ಲು ಎಲ್ಲಾದ್ರೂ ಮಿಕ್ಕಿದೆಯಾ? ಪಾಲಿಶ್ ಇಲ್ಲದ ಮುಖದ ಮೇಲೆ ಸೀಮೆಸುಣ್ಣ ಸೊಗಸಾಗಿ ಓಡತ್ತೆ, ಬಣ್ಣದ ರಗಳೆ ಇಲ್ಲ.

ಉಳಿ_ಸುತ್ತಿಗೆ:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಮೊಳೆಗೆ ನೇತು ಹಾಕ್ಬೇಡಿ. 3 ಅಡಿಗೆ 2 ಅಡಿ, ಮುಕ್ಕಾಲಿಂಚು ದಪ್ಪ ಅಂದ್ರೆ 25 ಕೆಜಿ ದಾಟತ್ತೆ, ಮಕ್ಕಳಿರೋ ಜಾಗ. ಇಟ್ಟಿಗೆ ಮೇಲೆ ಕೂರಿಸಿ, ಗೋಡೆಗೆ ಸಿಮೆಂಟ್ ಹಾಕಿ ಹಿಡಿಸಿ.

ಹಿತ್ತಿಲ_ನುಗ್ಗೆ:
ಕಡಪ ಇರಲಿಲ್ಲ ಮೇಷ್ಟ್ರೇ, ಪ್ಲೈಗೇ ಗಂಟು ಬಿದ್ದೆ. ಸೀಲ್ 303, ಎಂಆರ್. ಅಂಚು ಕೊಯ್ದೆ. ತಿಕ್ಕೋಷ್ಟರಲ್ಲಿ ತೋಳು ಬಿದ್ದೋಯ್ತು. ಮೊದಲ ಕೋಟ್ ಪುಡಿ ಸರಿಯಾಗಿ ಕದಡದೆ ಗಂಟುಗಂಟಾಯ್ತು, ಮತ್ತೆ ತಿಕ್ಕಿ ಹೊಡೆದೆ. ಒಟ್ಟು 410 ರೂಪಾಯಿ. ಗೋಡೆಯಿಂದ ಅರ್ಧ ಇಂಚು ಮುಂದೆ ನಿಲ್ಲೋ ಹಾಗೆ ಮರದ ಪಟ್ಟಿ ಕೊಟ್ಟು ಹಾಕಿದೀನಿ, ಹಿಂದೆ ಗಾಳಿ ಆಡತ್ತೆ. ಗೆರೆ ಈಗ ಬೆಳ್ಳಗೆ ಕೂರ್ತಿದೆ. ಉಜ್ಜಿ ಒರೆಸೋ ಮುಂಚೆನೇ ಮಗಳು ಮೇಲಿನ ಮೂಲೇಲಿ ಒಂದು ಬೆಕ್ಕು ಬರೆದುಬಿಟ್ಲು. ನೀವು ಹೇಳಿದ ಹಾಗೇ, ಎಷ್ಟು ಒರೆಸಿದ್ರೂ ಅದರ ಮೀಸೆ ಹೋಗ್ತಿಲ್ಲ.

ಉಳಿ_ಸುತ್ತಿಗೆ:
ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ್ಮೇಲೆ ಮತ್ತೆ ಉಜ್ಜಿ ನೋಡಿ. ಅದಕ್ಕೂ ಹೋಗಲ್ಲ ಅಂದ್ರೆ ಆ ಮೂಲೆಗೆ ಇನ್ನೊಂದು ಕೋಟ್.

ಹಿತ್ತಿಲ_ನುಗ್ಗೆ:
ಬೇಡ್ವಂತೆ. ಬೆಕ್ಕು ಅಲ್ಲೇ ಇರ್ಲಿ ಅಂತ ಆರ್ಡರ್ ಆಗಿದೆ.